ಹಿಂದಿನ ಬೆಂಚಿಗೊಂದು ತಟ್ಟೆ

ಸುರಯ್ಯಾ ಟೀಚರ್ ಹತ್ತಿರ ಮನೆಪಾಠಕ್ಕೆ ಹೋಗದ ಮಕ್ಕಳಿಗೆ ಹಿಂದಿನ ಬೆಂಚೇ ಗತಿ. ಮನ್ಸೂರಾ ಊರಿನ ಆ ಶಾಲೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಕ್ಲಾಸಿನಲ್ಲೇ ಕಲಿಸದವಳು ಮನೆಯಲ್ಲಿ ಏನು ಕಲಿಸಿಯಾಳು ಎಂದು ನಗ್ವಾ ಹಟ ಹಿಡಿದಿದ್ದಳು. ಅದರ ಫಲ ಉಂಡವಳು ಮಗಳು ರೀಹಾಮ್. ಅಷ್ಟು ಹಿಂದಿನಿಂದ ಬೋರ್ಡು ಕಂಡರೆ ತಾನೆ? ಅವಳು ಪಕ್ಕದ ತಸ್ನೀಮಳನ್ನು ನೋಡಿ ಬರೆಯುತ್ತಿದ್ದಳು, ತಸ್ನೀಮ್ ಇವಳನ್ನು ನೋಡಿ ಬರೆಯುತ್ತಿದ್ದಳು. ಇಬ್ಬರಿಗೂ ಸೊನ್ನೆ.

"ಸಾಕು. ಸೇತುವೆ ಆಚೆಯ ಶಾಲೆಗೆ ಹಾಕೋಣ," ಎಂದಳು ನಗ್ವಾ.

"ಈದ್ ಮುಗೀಲಿ, ನೋಡೋಣ," ಎಂದ ಗಂಡ ವಗ್ದಿ.

"ನಿಮ್ಮ 'ನೋಡೋಣ' ಕೇಳಿ ಕೇಳಿ ನನ್ನ ಕಿವಿ ತೂತಾಯ್ತು!"

ಅತ್ತೆ ಈದಿನ ಕಹಕ್ ಬಿಸ್ಕತ್ತಿಗೆ ಖರ್ಜೂರ ತುಂಬುತ್ತಿದ್ದರು. "ಎರಡು ಬಸ್ಸು ಹತ್ತಿ ಹೋಗಬೇಕು, ಆ ಪುಟ್ಟ ಮಗು! ಟೀಚರಿಗೆ ಒಂದು ತಟ್ಟೆ ಕಹಕ್ ಕಳಿಸು, ಎಲ್ಲ ಸರಿಹೋಗುತ್ತೆ."

"ಬೋರ್ಡು ನೋಡೋಕೂ ಲಂಚ ಕೊಡಬೇಕಾ ಅತ್ತೆ?"

"ಲಂಚ ಅಂತ ಯಾರಂದ್ರು? ಹಬ್ಬದ ತಟ್ಟೆ ಕಣೇ!"

ಅತ್ತೆ ಸುಮ್ಮನಾದರು ಎಂದು ನಗ್ವಾ ನಂಬಿದ್ದು ಅವಳ ದಡ್ಡತನ. ಮರುದಿನ ಬೆಳಿಗ್ಗೆ ಕದ್ದುಮುಚ್ಚಿ ತಟ್ಟೆ ಶಾಲೆಗೆ ಹೋಯಿತು. ಅದರ ಮಾರನೆಯ ದಿನ ರೀಹಾಮ್ ಅದೇ ತಟ್ಟೆ ಹಿಡಿದು ಮನೆಗೆ ಓಡಿ ಬಂದಳು. ಅದರ ತುಂಬ ಬೆಣ್ಣೆ ಬಿಸ್ಕತ್ತು. ಹಬ್ಬದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವವರು ಆ ಊರಿನಲ್ಲಿಲ್ಲ, ಸುರಯ್ಯಾ ಟೀಚರ್ ಕೂಡ ಆ ವಿಷಯದಲ್ಲಿ ಮರ್ಯಾದಸ್ಥೆ.

"ಅಮ್ಮಾ, ನನಗೀಗ ಮೊದಲನೇ ಬೆಂಚು! ಎಲ್ಲಾ ಕಾಣುತ್ತೆ!"

ಅತ್ತೆಯ ಮುಖ ಅರಳಿತು. ನಗ್ವಾಳಿಗೆ ಮೈಯೆಲ್ಲ ಉರಿಯಿತು. ಆದರೆ ಮಗಳು ಕುಣಿಯುವುದನ್ನು ಕಂಡು ಒಳಗೊಳಗೇ ಹಿಗ್ಗೂ ಆಯಿತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಹೋಗಲಿ, ಈ ವರ್ಷ ಇಲ್ಲೇ ಇರಲಿ ಎಂದುಕೊಂಡಳು.

ರೀಹಾಮ್ ಕುಣಿಯುವುದನ್ನು ನಿಲ್ಲಿಸಿದಳು. "ತಸ್ನೀಮ್ ಮಾತ್ರ ಹಿಂದೇನೇ ಇದಾಳೆ. ಅವರ ಮನೇಲಿ ಈ ಸಲ ಕಹಕ್ ಮಾಡೋ ಹಾಗಿಲ್ವಂತೆ, ಅವರಪ್ಪ ತೀರಿಹೋದ್ರಲ್ಲ. ಅವಳು ಇನ್ಮೇಲೆ ಯಾರನ್ನ ನೋಡಿ ಬರೀತಾಳಮ್ಮಾ?"

ಸಾವಾದ ಮನೆಯಲ್ಲಿ ಆ ವರ್ಷ ಕಹಕ್ ಬೇಯುವುದಿಲ್ಲ. ಅತ್ತೆಗೂ ಆ ಪದ್ಧತಿ ಹೊಸದಲ್ಲ. ಮಗಳನ್ನು ಸೇತುವೆ ದಾಟಿಸಿದರೂ ತಸ್ನೀಮ್ ಹಿಂದಿನ ಬೆಂಚಿನಲ್ಲೇ, ದಾಟಿಸದಿದ್ದರೂ ಅಲ್ಲೇ. ಟೀಚರನ್ನೂ ಶಾಲೆಯನ್ನೂ ತನ್ನನ್ನೂ ಸೇರಿಸಿ ಶಪಿಸುತ್ತ ನಗ್ವಾ ತೋಳೇರಿಸಿ ಹಿಟ್ಟಿನ ಮುಂದೆ ಕುಳಿತಳು. ಅಷ್ಟು ಸಿಟ್ಟಿನಲ್ಲಿ ಅವಳು ಎಂದೂ ಹಿಟ್ಟು ನಾದಿರಲಿಲ್ಲ.

"ಇದು ಯಾರಿಗೆ?" ಅತ್ತೆ ಮೆಲ್ಲಗೆ ಕೇಳಿದರು.

"ತಸ್ನೀಮ್ ಹೆಸರಲ್ಲಿ, ಟೀಚರಿಗೆ."

"ನಿನ್ನೆ ಮೊನ್ನೆ ಲಂಚ ಅಂತಿದ್ದೆ?"

"ಲಂಚಾನೇ ಅತ್ತೆ. ಆ ಸಕ್ಕರೆ ಪುಡಿ ಈ ಕಡೆ ಕೊಡಿ."