ಕ್ಯಾಝ್ ಹೊರಗಿದ್ದರೆ ಪಿಕೆಟ್ ಓಡುತ್ತಾನೆ

ಟಗ್ಸ್ ತಂಡದವರು ಎಮೊರಿ ಪಿಕೆಟ್‌ನನ್ನು ಸೇರಿಸಿಕೊಂಡ ಸುದ್ದಿ ಬಂದ ದಿನ ಲೊರೇನಳ ಮನೆಯಲ್ಲಿ ನಕ್ಕೂ ನಕ್ಕೂ ಎಲ್ಲರ ಪಕ್ಕೆ ಹಿಡಿದುಕೊಂಡಿತ್ತು. ಎರಿ ಸರೋವರದ ದಂಡೆಯ ಆ ಊರಿನಲ್ಲಿ ಭಾನುವಾರವೆಂದರೆ ಚರ್ಚಿಗೆ ಹೋಗಿ ಬಂದು ಟಗ್ಸ್ ಆಟ ನೋಡುವುದು, ಮಿಕ್ಕ ದಿನಗಳಲ್ಲಿ ಆ ಆಟಕ್ಕೆ ಬೈಯುವುದು. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಮಧ್ಯೆ ನುಗ್ಗುವವನು ಕೋಣದ ಹಾಗಿರಬೇಕು, ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಒಳಗೆ ಬರಬಾರದು. ಟಿವಿಯಲ್ಲಿ ಕಂಡ ಈ ಪಿಕೆಟ್ ಪಕ್ಕದಲ್ಲಿ ನಿಂತ ಕೋಚ್‌ನ ಹೆಗಲಿಗೂ ಬರುತ್ತಿರಲಿಲ್ಲ.

"ಆಟಗಾರನ್ನ ತಂದಿದಾರೋ, ಆಟದ ಸಾಮಾನು ತಂದಿದಾರೋ?" ಎಂದ ಲೊರೇನಳ ತಮ್ಮ ನಾರ್ಬ್.

"ಓಡ್ತಾನಂತೆ ಕಣೋ, ಗುಂಡು ಹಾರಿದ ಹಾಗೆ," ಎಂದಳು ಪಕ್ಕದ ಮನೆಯ ಡಾಟ್, ಪಿರೋಗಿ ಕಡುಬಿನ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು. "ಆದ್ರೆ ಜೇಬಿಗೆ ಎರಡು ಕಲ್ಲು ಹಾಕಿ ಬಿಡ್ಬೇಕು. ನಮ್ಮೂರ ಗಾಳಿಗೆ ಹಾರ್ಹೋದಾನು."

ಎಲ್ಲರಿಗಿಂತ ಜೋರಾಗಿ ನಕ್ಕವನು ಲೊರೇನಳ ಗಂಡ ಕ್ಯಾಝ್. ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತನಾದ ಆಳು. ಮೈ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. "ಈ ಉಪ್ಪಿನ ಡಬ್ಬಿ ಟಚ್‌ಡೌನ್ ಹೊಡೆದ ದಿನ ನಾನು ಮೀಸೆ ಬೋಳಿಸ್ತೀನಿ, ಬರ್ಕೊಳ್ಳಿ!" ಎಂದು ಸೋಫಾ ಕಿರುಗುಟ್ಟುವಂತೆ ತೊಡೆ ತಟ್ಟಿದ.

ಲೊರೇನಳೂ ನಕ್ಕಳು. ಆದರೆ ಅವಳ ನಗು ಬೇಗ ನಿಂತಿತು. ಅವಳಪ್ಪ ಅದೇ ಸೋಫಾದ ಮೂಲೆಯಲ್ಲಿ ಕೂತು ಜೀವಮಾನವಿಡೀ ಟಗ್ಸ್ ಸೋಲುವುದನ್ನು ನೋಡಿ, ಒಮ್ಮೆಯೂ ಚಾಂಪಿಯನ್ ಪಟ್ಟ ಗೆದ್ದದ್ದನ್ನು ಕಾಣದೆ ಕಣ್ಣು ಮುಚ್ಚಿದ್ದ. ಅವಳಿಗೆ ದೇವರಲ್ಲಿ ಕೇಳಿಕೊಳ್ಳುವುದಕ್ಕೆ ಉಳಿದದ್ದು ಎರಡೇ. ಟಗ್ಸ್ ಒಂದು ಸಲ, ಒಂದೇ ಸಲ, ಪಟ್ಟ ಗೆಲ್ಲಬೇಕು. ಆಗ ಕ್ಯಾಝ್ ತನ್ನ ಪಕ್ಕದಲ್ಲಿರಬೇಕು.

ಮೊದಲ ಆಟದ ದಿನ ಕ್ಯಾಝ್ ಬಚ್ಚಲಿಗೆ ಎದ್ದು ಹೋಗಿದ್ದಾಗ ಪಿಕೆಟ್ ಕೈಗೆ ಚೆಂಡು ಬಂತು. ಆ ಪುಟ್ಟ ಆಸಾಮಿ ಇಬ್ಬರ ಕಂಕುಳ ಕೆಳಗೆ ನುಸುಳಿ, ಮೂರನೆಯವನು ತಿರುಗುವಷ್ಟರಲ್ಲಿ ಕೊನೆಯ ಗೆರೆ ದಾಟಿ ಟಚ್‌ಡೌನ್ ಹೊಡೆದಿದ್ದ. ಮನೆಯೆಲ್ಲ ಬೊಬ್ಬೆ. ಕ್ಯಾಝ್ ಪ್ಯಾಂಟು ಸರಿಮಾಡಿಕೊಳ್ಳುತ್ತ ಓಡಿ ಬಂದು "ಏನಾಯ್ತು? ಏನಾಯ್ತೋ?" ಎಂದ. ಅವನು ಕೂತ ಮೇಲೆ ಪಿಕೆಟ್ ಚೆಂಡು ಹಿಡಿದಾಗಲೆಲ್ಲ ಮುಗ್ಗರಿಸಿ ಬಿದ್ದ.

ನಾರ್ಬ್ ಮೆಲ್ಲಗೆ ಕೇಳಿದ: "ಭಾವ, ನಿಂಗೆ ಮತ್ತೆ ಬರ್ತಾ ಇಲ್ವಾ?"

ಅಲ್ಲಿಯ ಜನಕ್ಕೆ ಇದು ತಮಾಷೆಯಲ್ಲ. ಗೆಲ್ಲುವಾಗ ಕೂತ ಜಾಗ ಬಿಡಬಾರದು, ಸೋಲುವಾಗ ಕೂತ ಜಾಗದಲ್ಲಿರಬಾರದು. ಡಾಟ್ ಒಂದು ಸಲ ಆಟ ಮುಗಿಯುವವರೆಗೂ ಕಾಲ ಮೇಲಿನ ಕಾಲು ತೆಗೆಯದೆ ಕೂತು ಆಮೇಲೆ ಕುಂಟುತ್ತ ಮನೆಗೆ ಹೋಗಿದ್ದಳು. ಹಾಗಾಗಿ ಕ್ಯಾಝ್ ಗೊಣಗುತ್ತ ಎದ್ದು ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡ. ಪಿಕೆಟ್ ಮತ್ತೆ ಓಡಿದ.

"ಕಾಗೆ ಕೂತ್ಕೊಳ್ಳೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೆ," ಎಂದಳು ಲೊರೇನ್.

"ಕೊಂಬೆ ಮುರೀತಾ ಇದೆಯಲ್ಲ ಅಕ್ಕಾ, ಕಾಗೆ ಕೂತಿರ್ಲಿ ಬಿಡು," ಎಂದ ನಾರ್ಬ್.

ಕ್ಯಾಝ್ ಮಾತಿಗೆ ತಪ್ಪುವವನಲ್ಲ, ಮೀಸೆ ಬೋಳಿಸಿಕೊಂಡ. ಮೀಸೆಯಿಲ್ಲದ ಮುಖ ಯಾರದ್ದೋ ಅನ್ನಿಸಿ ಲೊರೇನಳಿಗೆ ಎರಡು ದಿನ ಸರಿಯಾಗಿ ಮಾತಾಡಿಸುವುದಕ್ಕೇ ಆಗಲಿಲ್ಲ.

ಆಮೇಲಿನ ವಾರಗಳಲ್ಲಿ ಇನ್ನೊಂದು ವಿಷಯ ಬಯಲಾಯಿತು. ಕ್ಯಾಝ್ ಬಚ್ಚಲಲ್ಲಿದ್ದರೆ ಓಟ ಸಣ್ಣದು. ಜಗಲಿಯಲ್ಲಿ ನಿಂತರೆ ಅದಕ್ಕಿಂತ ಉದ್ದ. ದೋಣಿಯ ಶೆಡ್ಡಿನವರೆಗೆ ಹೋದರೆ ಪಿಕೆಟ್ ಐವತ್ತು ಗಜ, ಅಂದರೆ ಅರ್ಧ ಮೈದಾನ ದಾಟುತ್ತಿದ್ದ. ಕ್ಯಾಝ್ ಎಷ್ಟು ದೂರವೋ ಪಿಕೆಟ್ ಅಷ್ಟು ದೂರ. ನಾರ್ಬ್ ಜಗಲಿಯಲ್ಲಿ ನಿಂತು ಬಾಯಿಗೆ ಬೆರಳಿಟ್ಟು ಸಿಳ್ಳೆ ಹಾಕುತ್ತಿದ್ದ. ಅದು ಕ್ಯಾಝ್‌ಗೆ ನಡೆಯಲು ಸನ್ನೆ. ಸರೋವರ ಹೆಪ್ಪುಗಟ್ಟಿದ ಮೇಲಂತೂ ದೂರಕ್ಕೆ ಬರವಿರಲಿಲ್ಲ. ದಂಡೆಯಾಚೆ ಬರೀ ಬಿಳಿ, ಅದರ ಮೇಲೆ ನಡೆದಷ್ಟೂ ಜಾಗ. ಟಗ್ಸ್ ಗೆಲ್ಲುತ್ತಲೇ ಹೋಯಿತು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಪಿಕೆಟ್‌ನನ್ನು ಊರಿಗೆ ಊರೇ ಹೊಗಳಿತು. ಉಪ್ಪಿನ ಡಬ್ಬಿ ಎಂದವರು ಯಾರೆಂದು ಯಾರಿಗೂ ನೆನಪಿರಲಿಲ್ಲ.

ಭಯ ಲೊರೇನಳಿಗೆ ಹುಟ್ಟಿದ್ದು ಹಾಸಿಗೆಯಲ್ಲಿ. ಮದುವೆಯಾದಂದಿನಿಂದ ಕ್ಯಾಝ್ ಮಲಗಿದರೆ ಹಾಸಿಗೆ ಅವನ ಕಡೆಗೆ ಇಳಿಯುತ್ತಿತ್ತು, ಇವಳು ನಿದ್ದೆಯಲ್ಲಿ ಅತ್ತ ಉರುಳುತ್ತಿದ್ದಳು. ಈಗ ಉರುಳುತ್ತಿರಲಿಲ್ಲ. ಪಕ್ಕದಲ್ಲಿ ಅಷ್ಟು ದೊಡ್ಡ ಮೈ ಮಲಗಿದೆ, ಹಾಸಿಗೆ ಹಲಗೆಯಂತೆ ಮಟ್ಟಸವಾಗಿದೆ. ಸೋಫಾ ಕಿರುಗುಟ್ಟುವುದನ್ನು ನಿಲ್ಲಿಸಿತ್ತು. ಅವನ ಕೈ ಬಿಸಿ ಸೂಪಿನ ಬಟ್ಟಲು ಹಿಡಿದರೂ ಬೆಚ್ಚಗಾಗುತ್ತಿರಲಿಲ್ಲ.

"ಅಲ್ಲಿ ಹೋಗಿ ಏನು ಮಾಡ್ತೀಯ ನೀನು?" ಎಂದು ಅವಳು ಕೇಳಿದಳು.

"ಏನೂ ಇಲ್ಲ. ನಿಂತ್ಕೋತೀನಿ." ಅವನ ದನಿ ಕೇಳಿಸಿಕೊಳ್ಳಲು ಅವಳು ಬಗ್ಗಬೇಕಾಯಿತು. "ಯಾರೋ ನನ್ನ ಪಕ್ಕದಲ್ಲೇ ಓಡಿ ಹೋಗ್ತಾರೆ ಲೊರೇನ್. ಸಣ್ಣ ಹೆಜ್ಜೆ, ಪಟಪಟ ಅಂತ. ಹೋಗ್ವಾಗ ನನ್ನಿಂದ ಏನೋ ಹೊತ್ಕೊಂಡು ಹೋದ ಹಾಗಾಗುತ್ತೆ. ನೋವಾಗಲ್ಲ. ಹಗುರ ಆಗುತ್ತೆ."

"ಸಾಕು. ಇನ್ಮೇಲೆ ನೀನು ಹೊಸ್ತಿಲು ದಾಟಕೂಡದು."

ಮುಂದಿನ ಭಾನುವಾರ ಅವಳು ಬಾಗಿಲಿಗೆ ಬೀಗ ಜಡಿದು ಕೀಲಿಕೈಯನ್ನು ಅಂಗಿಯೊಳಗೆ ಸೇರಿಸಿ ಕೂತಳು. ನಾರ್ಬ್ ಬೇಡಿದ, ಬೈದ, ಕೊನೆಗೆ ಅತ್ತೇಬಿಟ್ಟ. ಅವಳು ಜಪ್ಪಯ್ಯ ಎನ್ನಲಿಲ್ಲ. ಪಿಕೆಟ್ ಇಟ್ಟ ಹೆಜ್ಜೆಗೊಮ್ಮೆ ಬಿದ್ದ, ಟಗ್ಸ್ ನೆಲಕಚ್ಚಿತು. ಕ್ಯಾಝ್ ಮಾತ್ರ ಆಟ ನೋಡದೆ ಕಿಟಕಿಯಾಚೆಯ ಬಿಳಿಯನ್ನು ನೋಡುತ್ತ ಕೂತಿದ್ದ.

ಮರುದಿನ ಮಾಂಸದಂಗಡಿಯಲ್ಲಿ ಕಿಲ್ಬಾಸ ಸಾಸೇಜು ಕಟ್ಟಿಕೊಡುವ ಹೆಂಗಸು ಇವಳ ಮುಖ ನೋಡದೆ, "ನಿಮ್ಮ ಯಜಮಾನ್ರಿಗೆ ಹುಷಾರಿರ್ಲಿಲ್ವಾ ನಿನ್ನೆ?" ಎಂದಳು. ಲೊರೇನ್ ಮನೆಗೆ ಬಂದು ನೋಡಿದರೆ ಅವರ ದಂಡೆಯೆದುರಿಗೆ, ಹಿಮಗಡ್ಡೆಯ ಮೇಲೆ, ಯಾರೋ ಒಂದು ಮಡಿಸುವ ಕುರ್ಚಿಯನ್ನು ಬಿಚ್ಚಿ ಇಟ್ಟಿದ್ದರು. ಮರುದಿನ ಅದು ಇನ್ನಷ್ಟು ದೂರದಲ್ಲಿತ್ತು. ಆಮೇಲೆ ಅದರ ಮೇಲೊಂದು ಟಗ್ಸ್ ಕಂಬಳಿ ಬಂತು, ಪಕ್ಕದಲ್ಲಿ ಕಾಫಿಯ ಫ್ಲಾಸ್ಕು. ಪ್ರೀತಿಯಿಂದಲೇ ಇಟ್ಟಿದ್ದರು. ಅವಳಿಗೆ ಮೈ ಜುಮ್ಮೆಂದದ್ದು ಅದಕ್ಕೇ.

ಎಷ್ಟು ದಿನ ಬೀಗ ಹಾಕಿಯಾಳು? ಮುಂದಿನ ಭಾನುವಾರ ಅವಳು ಚರ್ಚಿನಿಂದ ಬರುವಷ್ಟರಲ್ಲಿ ಕ್ಯಾಝ್ ತಾನಾಗಿಯೇ ಹೋಗಿ ಆ ಕುರ್ಚಿಯಲ್ಲಿ ಕೂತಿದ್ದ. ಟಗ್ಸ್ ಗೆದ್ದಿತು. ಅದರ ಮುಂದಿನ ವಾರವೂ ಗೆದ್ದಿತು. ಸುಳ್ಳು ಯಾಕೆ, ಅವಳೂ ಚಪ್ಪಾಳೆ ತಟ್ಟಿದಳು.

ಪಟ್ಟದ ಆಟದ ದಿನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಜೆಯ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತ್ತು. ಟಗ್ಸ್ ಹಿಂದೆ ಬಿದ್ದಿತ್ತು, ಚೆಂಡು ಅವರದೇ ಗೆರೆಯ ಹತ್ತಿರವಿತ್ತು, ಇಡೀ ಮೈದಾನ ಓಡಬೇಕಿತ್ತು. ಕಿಟಕಿಯಾಚೆ ಬಹಳ ದೂರದಲ್ಲಿ ಕುರ್ಚಿ, ಅದರಲ್ಲಿ ಕ್ಯಾಝ್, ಕಂಡೂ ಕಾಣದ ಹಾಗೆ. ನಾರ್ಬ್ ಸಿಳ್ಳೆ ಹಾಕಿದ. ಕ್ಯಾಝ್ ಎದ್ದು ನಿಂತನೇ ಹೊರತು ಮುಂದೆ ಹೋಗಲಿಲ್ಲ. ಪಿಕೆಟ್ ಚೆಂಡು ಹಿಡಿದು ನಾಲ್ಕು ಹೆಜ್ಜೆ ಓಡಿ ಬಿದ್ದ.

"ಸಾಲ್ದು," ಎಂದ ನಾರ್ಬ್, ಬೆವರು ಒರೆಸಿಕೊಂಡು. "ಅಕ್ಕಾ, ನನ್ನ ಸಿಳ್ಳೆಗೆ ಅಲ್ಲಾಡ್ತಿಲ್ಲ. ನಿನ್ನ ಮಾತು ಕೇಳ್ತಾನೆ. ಒಂದು ಮಾತು ಕೂಗಿಬಿಡು."

"ಕುರ್ಚಿ ಆಚೆ ಹಿಮ ಕಪ್ಪಗಿದೆ ಕಣೋ. ಕೆಳಗೆ ನೀರಿದೆ."

"ಅಪ್ಪ ನೋಡ್ಲಿಲ್ಲ ಅಕ್ಕಾ. ನಾವಾದ್ರೂ ನೋಡೋಣ."

ಲೊರೇನ್ ಜಗಲಿಗೆ ಬಂದಳು. ದೂರದಲ್ಲಿ ಕ್ಯಾಝ್ ಮನೆಯ ಕಡೆ ತಿರುಗಿ ಅವಳಿಗಾಗಿ ಕಾಯುತ್ತ ನಿಂತಿದ್ದ. ಬಾ ಎಂದರೆ ಬರುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಬಾ ಎನ್ನುವುದಕ್ಕೇ ಅವಳು ಬಾಯಿ ತೆರೆದದ್ದು. ಒಳಗಿನಿಂದ ಟಿವಿಯಲ್ಲಿ ತಂಡಗಳು ಸಾಲುಗಟ್ಟುತ್ತಿವೆ ಎಂದು ಹೇಳುವುದು ಕೇಳಿಸಿತು.

"ಹೋಗು!" ಎಂದು ಕೂಗಿದಳು.

ಅವನು ಕೈಯೆತ್ತಿ, ತಿರುಗಿ, ನಡೆದ.

ಪಿಕೆಟ್ ಓಡಿದ ಓಟವನ್ನು ಆ ಊರಿನಲ್ಲಿ ಈಗಲೂ ಹೇಳಿಕೊಳ್ಳುತ್ತಾರೆ. ಒಬ್ಬನ ಬೆರಳೂ ತಾಗಲಿಲ್ಲ, ಇಡೀ ಮೈದಾನ. ಛಾವಣಿ ಹಾರಿಹೋಗುವಂಥ ಬೊಬ್ಬೆಗೆ ಲೊರೇನ್ ಒಳಗೆ ಓಡಿ ಬಂದು ಡಾಟ್‌ಳನ್ನು ತಬ್ಬಿಕೊಂಡು "ಅಪ್ಪಾ, ಅಪ್ಪಾ" ಎಂದು ಅತ್ತಳು. ಟಿವಿಯಲ್ಲಿ ಪಿಕೆಟ್ ತನ್ನ ತಂಡದ ಬೆಂಚಿಗೆ ಹೋಗಿ ತುದಿಯಲ್ಲಿ ಕೂತ. ಬೆಂಚು ಅವನ ಕಡೆಗೆ ಇಳಿಯಿತು. ಪಕ್ಕದಲ್ಲಿದ್ದ ಧಡೂತಿ ಆಟಗಾರರು ಅತ್ತ ಜಾರಿದರು.

ಲೊರೇನ್ ಡಾಟ್‌ಳನ್ನು ಬಿಟ್ಟಳು. ಕಿಟಕಿಯಾಚೆ ನೋಡಿದಳು. ಕುರ್ಚಿ ಇತ್ತು. ಅದರಾಚೆ ಯಾರೂ ಇರಲಿಲ್ಲ.

ಕೋಟು ಕೂಡ ಹಾಕಿಕೊಳ್ಳದೆ ಅವಳು ಹಿಮದ ಮೇಲೆ ಓಡಿದಳು. "ಕ್ಯಾಝ್! ಬಾರೋ! ಸಾಕು ಬಾರೋ!" ಹಿಂದೆ ಮನೆಯಿಂದ ಜನವೆಲ್ಲ ಒಟ್ಟಿಗೆ ನರಳಿದ್ದು ಕೇಳಿಸಿತು. ಆಟ ಮುಗಿದಿರಲಿಲ್ಲ, ಎದುರಾಳಿಗಳು ಮತ್ತೆ ಮುಂದೆ ಹೋಗಿದ್ದರು. ಅವಳು ನಿಲ್ಲಲಿಲ್ಲ. ಕುರ್ಚಿಯ ಆಚೆ ಹಿಮದ ಹುಡಿಯಲ್ಲಿ ಅವನ ಬೂಟಿನ ಗುರುತಿತ್ತು. ಮೊದಲು ಆಳ, ಆಮೇಲೆ ತೆಳು, ಆಮೇಲೆ ಹಕ್ಕಿ ಕೂತೆದ್ದಷ್ಟು, ಆಮೇಲೆ ಅದೂ ಇಲ್ಲ. ನೀರಿಗೆ ಬಿದ್ದ ಗುರುತೂ ಇರಲಿಲ್ಲ. ಹಿಮ ಎಲ್ಲಿಯೂ ಒಡೆದಿರಲಿಲ್ಲ.

ಅವಳು ಅಳುತ್ತ ಮುಂದೆ ನಡೆದಳು. ಮನೆಯ ಕಡೆಯಿಂದ ದೊಡ್ಡ ಜಯಕಾರ ಬಂತು. ಇನ್ನಷ್ಟು ನಡೆದಳು. ಇನ್ನೊಂದು ಜಯಕಾರ. ಅವಳ ಪಕ್ಕದಲ್ಲೇ, ಮೊಣಕೈಗೆ ತಾಗುವಷ್ಟು ಹತ್ತಿರ, ಸಣ್ಣ ಹೆಜ್ಜೆಗಳು ಪಟಪಟನೆ ಓಡಿಹೋದವು. ನೋವಾಗಲಿಲ್ಲ.

ತಿರುಗಿ ನೋಡಿದಳು. ಜಗಲಿಯ ತುಂಬ ಜನ, ಎಲ್ಲರೂ ಕುಣಿಯುತ್ತಿದ್ದರು. ನಾರ್ಬ್ ಬಾಯಿಗೆ ಎರಡೂ ಕೈ ಹಿಡಿದು ಕೂಗುತ್ತಿದ್ದ. "ಅಕ್ಕಾ! ತಿರುಗ್ಬೇಡ! ಹಾಗೇ ಹೋಗು, ಇನ್ನೂ ಮುಂದೆ ಹೋಗು!" ಅವಳು ದಂಡೆಯ ಕಡೆಗೆ ಒಂದು ಹೆಜ್ಜೆ ಇಟ್ಟಳು. ಇಡೀ ಜಗಲಿ ತಲೆಯ ಮೇಲೆ ಕೈಹೊತ್ತು "ಅಯ್ಯೋ!" ಎಂದಿತು.

ಲೊರೇನಳ ಕಾಲು ತಾನೇ ನಿಂತುಬಿಟ್ಟಿತು. ಕಣ್ಣೊರೆಸಿಕೊಂಡು, ಆ ಕೊರೆಯುವ ಗಾಳಿಯಲ್ಲಿ ಅವಳೂ ಬಾಯಿಗೆ ಕೈ ಹಿಡಿದು ಕೂಗಿದಳು.

"ಇನ್ನೆಷ್ಟು ಗಜ ಬೇಕೋ?"