ಬಣ್ಣ ಹಾಕಿದವರ ಹೆಸರು

ಬೊಂಬಾಯಿಯ ಸಗಟು ವ್ಯಾಪಾರಿಗಳಿಗೆ ಸಲಾಮು ಹೊಡೆದು ಸಾಕಾಗಿ, ೧೯೬೨ರಲ್ಲಿ ನಾನೇ ನನ್ನ ಹೆಸರಿನಲ್ಲಿ ಆಮದು ಲೈಸೆನ್ಸು ಮಾಡಿಸಿದೆ. ಮೈಸೂರಿನ ಸಂತೆಪೇಟೆಯಲ್ಲಿ ದ್ರಾಕ್ಷಿ ಗೋಡಂಬಿ ಮಾರುವ ಈ ನಂಜುಂಡಸ್ವಾಮಿ ಇರಾನಿನಿಂದ ನೇರವಾಗಿ ಪಿಸ್ತಾ ತರಿಸುತ್ತಾನೆ ಅಂದರೆ ಸಾಮಾನ್ಯವೇ? ಆ ಒಂದು ಕಾಗದಕ್ಕಾಗಿ ಎರಡು ವರ್ಷ ಅರ್ಜಿ ಬರೆದಿದ್ದೇನೆ.

ಹತ್ತು ಮೂಟೆ ಮದರಾಸಿನ ಬಂದರಿಗೆ ಬಂತು. ಸುಂಕದವರು ನಲವತ್ತು ದಿನ ತಡೆದಿಟ್ಟರು. ಒಂದು ದಿನ ತೂಕ ತಾಳೆಯಾಗುವುದಿಲ್ಲ ಅಂದರು, ಇನ್ನೊಂದು ದಿನ ಹುಳು ಹಿಡಿದಿಲ್ಲ ಅನ್ನುವ ಸರ್ಟಿಫಿಕೇಟಿಗೆ ಮೊಹರಿಲ್ಲ ಅಂದರು. ಮೂರು ಸಲ ರೈಲು ಹತ್ತಿ ಹೋಗಿಬಂದೆ. ಕೊನೆಗೆ ಷರತ್ತು ಹಾಕಿ ಬಿಟ್ಟರು. ಮೂಟೆಯ ಸೀಸದ ಮುದ್ರೆ ನಾವು ಒಡೆಯಬಾರದಂತೆ. ಮೈಸೂರಿನ ಆಹಾರ ಇನ್‌ಸ್ಪೆಕ್ಟರು ಮಾದರಿ ತೆಗೆದು, ಪರೀಕ್ಷೆಯಾಗಿ, ಸರಿಯಿದೆ ಅಂತ ವರದಿ ಬಂದ ಮೇಲೆಯೇ ಮಾರಬೇಕಂತೆ.

ಇನ್‌ಸ್ಪೆಕ್ಟರು ಸುಂದರೇಶ, ಕೃಷ್ಣಮೂರ್ತಿಪುರಂ ಕಡೆಯ ಹುಡುಗ, ಯಾವ ಅಂಗಡಿಯವರ ಕಾಫಿ ಕೂಡ ಮುಟ್ಟದ ಪ್ರಾಣಿ. ಅಂಗಡಿಗೆ ಬಂದವನೇ ಸಾಲಿನಲ್ಲಿ ಎಲ್ಲಕ್ಕಿಂತ ಮುಂದಿದ್ದ ಮೂಟೆ ಬಿಚ್ಚಿಸಿ, ಮೂರು ಸೀಸೆ ತುಂಬಿ, ಅರಗು ಹಾಕಿಕೊಂಡು ಹೋದ. ಮೂರು ವಾರಕ್ಕೆ ವರದಿ ಬಂತು. ಸಿಪ್ಪೆಯ ಮೇಲೆ ಕೆಂಪು ಬಣ್ಣ ಹತ್ತಿದೆ, ಹತ್ತೂ ಮೂಟೆ ಹೂಳತಕ್ಕದ್ದು.

"ಬಣ್ಣವಾ!" ಅಂತ ಅವನ ಆಫೀಸಿನಲ್ಲೇ ಕೂಗಾಡಿದೆ.

"ಹಳೇ ಪಿಸ್ತಾಗೆ ಕೆಂಪು ಹಚ್ಚಿ ಹೊಸದು ಅಂತ ಮಾರೋರು ಬೇಕಾದಷ್ಟು ಜನ ಇದ್ದಾರೆ ಸ್ವಾಮಿ," ಅಂದ. ಅವನ ದನಿ ಒಂದಿಷ್ಟೂ ಏರಲಿಲ್ಲ. ಅದೇ ನನಗೆ ಇನ್ನೂ ಉರಿಯಿತು.

ಮನೆಗೆ ಬಂದು ಇರಾನಿನವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ನಮ್ಮವ್ವ ಪುಟ್ಟತಾಯಮ್ಮ ಅಡುಗೆಮನೆಯಿಂದ ಮೆಲ್ಲಗೆ ಬಂದಳು.

"ಯಾವ್ ಮೂಟೇಲಂತೆ ಮಗಾ?"

"ಎಲ್ಲಕ್ಕಿಂತ ಮುಂದಿದ್ದ ಮೂಟೇಲಿ ಕಣವ್ವ."

"ಅಯ್ಯೋ, ಅದು ನಾನ್ ಇಟ್ಟಿದ್ ಕುಂಕುಮ ಕಣಪ್ಪ! ಹೊಸಾ ಸರಕು ಬಂದೈತೆ, ಮೊದಲ್ನೇ ಮೂಟೆಗೆ ಪೂಜೆ ಮಾಡ್ದೆ ಇರಾಕಾಯ್ತದಾ? ಒಣಾ ಕುಂಕುಮ ಗೋಣಿ ಮ್ಯಾಲೆ ನಿಲ್ನಿಲ್ಲ. ನೀರಾಕಿ ಕಲಸಿ ಬಳ್ದ್‌ಬುಟ್ಟೆ. ಸೀಲು ಮಾತ್ರ ಮುಟ್ನಿಲ್ಲ ಕಣಪ್ಪ, ನೀನೇ ಏಳಿದ್ದೆಯಲ್ಲ."

ಆ ನೀರು ಗೋಣಿಯೊಳಕ್ಕೆ ಇಳಿದು ಪಿಸ್ತಾಗೆ ಹತ್ತಿತ್ತು! ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಮತ್ತೆ ಆಫೀಸಿಗೆ ಓಡಿದೆ.

"ಕುಂಕುಮ ಸ್ವಾಮಿ, ಬರೀ ಕುಂಕುಮ! ನಿಮ್ಮನೇಲಿ ಇಡಲ್ವಾ?"

"ಇಡ್ತಾರೆ. ಆದ್ರೆ ಫಾರಮ್ಮಲ್ಲಿ ಬಣ್ಣ ಅಂತ ಇದೆ, ಕುಂಕುಮ ಅಂತ ಇಲ್ಲ." ಸುಂದರೇಶ ಫಾರಮ್ಮು ತಿರುವಿ ನೋಡಿದ. "ಒಂದು ದಾರಿ ಇದೆ. ಆ ಮೂಟೆಗೆ ಬಣ್ಣ ಬಿದ್ದಿದ್ದು ನಿಮ್ಮ ಅಂಗಡೀಲಿ ಅಂತ ಬರೆದುಕೊಡಿ. ಮಿಕ್ಕ ಒಂಬತ್ತಕ್ಕೆ ಹೊಸ ಮಾದರಿ ತೆಗೀತೀನಿ. ಆದ್ರೆ ಹಾಕಿದವರ ಹೆಸರು ಬೇಕು. ಅವರ ಮೇಲೆ ಕಲಬೆರಕೆ ಕೇಸಾಗುತ್ತೆ."

"ನಾನೇ ಅಂತ ಬರೆದರೆ?"

"ಲೈಸೆನ್ಸು ಹೋಗುತ್ತೆ. ಇನ್ನೊಂದು ಸಿಗಲ್ಲ."

ಅವ್ವನಿಗೆ ಕೇಸಿನ ವಿಷಯ ಹೇಳಿದೆ, ಲೈಸೆನ್ಸಿನದು ಹೇಳಲಿಲ್ಲ. "ನನ್ನೆಸ್ರೇ ಬರಿ ಮಗಾ, ಮಾಡ್ದೋಳು ನಾನಲ್ವಾ? ಎಪ್ಪತ್ತೆರಡಾಯ್ತು, ನನ್ನ ಏನ್ ಮಾಡಾರು?" ಅಂದಳು.

ಬರೆದುಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ತಪ್ಪು ಅವಳದೇ ತಾನೇ? ನನ್ನ ಎರಡು ವರ್ಷವನ್ನು ಒಂದು ಬಟ್ಟಲು ಕುಂಕುಮದಲ್ಲಿ ಕಲಸಿಟ್ಟವಳು! ಬೆಳಿಗ್ಗೆ ಸುಂದರೇಶನ ಮೇಜಿನ ಮುಂದೆ ಕೂತು ಪೆನ್ನು ಹಿಡಿದೆ. ಕಟಕಟೆಯಲ್ಲಿ ಅವ್ವ ಸೆರಗು ಹೊದ್ದು ನಿಂತಿರುವುದು, ಜವಾನ "ಆರೋಪಿ ಪುಟ್ಟತಾಯಮ್ಮ" ಅಂತ ಕೂಗುವುದು ಕಣ್ಣಿಗೆ ಕಟ್ಟಿತು. ಹಾಳಾಗಿ ಹೋಗಲಿ ಅಂತ ನನ್ನ ಹೆಸರೇ ಗೀಚಿಕೊಟ್ಟೆ. ಸುಂದರೇಶ ಅದನ್ನು ಎರಡು ಸಲ ಓದಿ ಫೈಲಿಗೆ ಸೇರಿಸಿದ.

ಒಂಬತ್ತು ಮೂಟೆ ಪಾಸಾಯಿತು. ಕೋರ್ಟಿಗೆ ಹೋಗಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದೆ. ತಿಂಗಳೊಪ್ಪತ್ತಿನಲ್ಲಿ ಲೈಸೆನ್ಸು ರದ್ದಾದ ಕಾಗದವೂ ಅಂಗಡಿಗೇ ಬಂತು.

ಅವತ್ತು ಊಟಕ್ಕೆ ಕೂತಾಗ ಅವ್ವ ಕೇಳಿದಳು. "ನನ್ನ ಕೋಲ್ಟಿಗೆ ಯಾವಾಗ ಕರೀತಾರೆ ಮಗಾ?"

"ಯಾರನ್ನೂ ಕರೆಯಲ್ಲ ಕಣವ್ವ. ಕೇಸು ಬುಟ್ಬುಟ್ರು."

ಎಷ್ಟು ದಿನದಿಂದ ಹೆದರಿಕೊಂಡಿದ್ದಳೋ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.

"ಒಳ್ಳೇರು ಕಣಪ್ಪ ಆ ಇನ್ಸ್‌ಪೆಟ್ರು. ಮುಂದಿನ್ ಸಲ ಇಪ್ಪತ್ ಮೂಟೆ ತರ್ಸು."

"ಆಗ್ಲಿ ಕಣವ್ವ," ಅಂದೆ.