ಕೊನೆಯ ಪುಟ ತಿದ್ದಿದವರು

ಕತೆಯ ಹುಚ್ಚು ನನಗೆ ಸಣ್ಣಂದಿನಿಂದ ಅಂಟಿದ್ದು. ಆಂಟಾಪ್ ಹಿಲ್‌ನ ಒಂದು ಕೋಣೆಯ ಮನೆಯಲ್ಲಿ ಅಮ್ಮ ಮೀನು ಶುಚಿಮಾಡುತ್ತ ಕತೆ ಹೇಳುವಳು. ಎದುರು ಕೂತವರು ಹೂಂಗುಟ್ಟದಿದ್ದರೆ ಅಲ್ಲಿಗೇ ನಿಲ್ಲಿಸಿಬಿಡುವಳು. ಅಣ್ಣಂದಿರು ಆಡಲು ಓಡಿದರೂ ನಾನು ಮಾತ್ರ ಹೂಂ, ಹೂಂ ಎನ್ನುತ್ತ ಕೂತಿರುತ್ತಿದ್ದೆ.

ಮದುವೆಯಾಗಿ ಸಾಂತಾಕ್ರೂಜ್‌ಗೆ ಬಂದೆ. ಗಂಡ ಕಾಂತಪ್ಪ ಹೋಟೆಲಿಗೆ ಹೊರಟ ಕೂಡಲೇ ಬರೆಯಲು ಕೂರುತ್ತಿದ್ದೆ. ಇಲ್ಲಿನ ಕನ್ನಡ ಸಂಘದ ಪತ್ರಿಕೆಯಲ್ಲಿ ಕತೆ ಬಂದಾಗಲೆಲ್ಲ ಇವರು ಗಿರಾಕಿಗಳಿಗೆ ತೋರಿಸಿ ಬೀಗುವರು. ನಾನೂ ಉಬ್ಬಿಹೋಗುತ್ತಿದ್ದೆ, ದಡ್ಡಿ!

ಐವತ್ತು ದಾಟಿದ ಮೇಲೆ ಮೊದಲ ಪುಸ್ತಕ. ಅದರ ಕೊನೆಯ ಕತೆ ಇವರ ತಂಗಿ ಸೌಮ್ಯಾಳದು. ಹೊಡೆಯುವ ಗಂಡನನ್ನು ಬಿಟ್ಟು ದಹಿಸರ್‌ನಲ್ಲಿ ಬಾಡಿಗೆ ಮನೆ ಹಿಡಿದು ಒಬ್ಬಳೇ ಬದುಕಿದವಳು. ಮನೆಯವರೆಲ್ಲ ಹೊಂದಿಕೊಂಡು ಹೋಗು ಎಂದು ಅವಳ ಜೀವ ತಿಂದಿದ್ದರು. ಇವರಂತೂ ಒಮ್ಮೆ ತಾವೇ ಕರೆದುಕೊಂಡು ಹೋಗಿ ಅವಳನ್ನು ಗಂಡನ ಮನೆಗೆ ಬಿಟ್ಟು ಬಂದಿದ್ದರು. ನಿನ್ನ ಕತೆ ಬರೆಯಲಾ ಎಂದು ಸೌಮ್ಯಾಳನ್ನು ಕೇಳಿದೆ.

"ಬರೀರಿ ಅತ್ತಿಗೆ. ಕತೆಯಲ್ಲಾದ್ರೂ ನನ್ನನ್ನು ಆ ಮನೆಗೆ ವಾಪಸ್ ಕಳಿಸ್ಬೇಡಿ."

ಮಾತು ಕೊಟ್ಟೆ. ಕೊಟ್ಟ ಮಾತಿನಂತೆಯೇ ಬರೆದೆ.

ಆಗಷ್ಟೇ ನನ್ನ ಕಣ್ಣಿನ ಪೊರೆ ತೆಗೆಸಿದ್ದರು. ಪ್ರೂಫ್ ನಾನೇ ನೋಡುತ್ತೇನೆ, ನೀನು ಆಯಾಸ ಮಾಡಿಕೊಳ್ಳಬೇಡ ಎಂದು ಇವರೇ ಪ್ರೆಸ್ಸಿಗೆ ಓಡಾಡಿದರು. ಎಂಥ ಗಂಡ ಎಂದು ಬಿಲ್ಡಿಂಗಿನವರೆಲ್ಲ ಹೊಗಳಿದರು. ಪುಸ್ತಕದ ಕಟ್ಟುಗಳು ಪ್ರೆಸ್ಸಿನಿಂದ ನೇರ ಬಿಡುಗಡೆಯ ಸಭೆಗೇ ಬಂದವು.

ನಮ್ಮ ಸಂಘದಲ್ಲಿ ಸನ್ಮಾನವೆಂದರೆ ಜೋಡಿಗೇ ಆಗಬೇಕು. ಬರೆದವಳು ನಾನು, ಪೇಟ ಇವರಿಗೆ. ಇಬ್ಬರಿಗೂ ಒಂದೇ ಬಣ್ಣದ ಶಾಲು, ಒಂದೇ ಹಣ್ಣಿನ ಬುಟ್ಟಿ. ಆಮೇಲೆ ಒಂದು ಕತೆ ಓದಿ ಎಂದರು. ಮುಂದಿನ ಸಾಲಿನಲ್ಲಿ ಸೌಮ್ಯಾ ಹೊಸ ಸೀರೆಯುಟ್ಟು ಕೂತಿದ್ದಳು. ಅವಳ ಕತೆಯನ್ನೇ ಎತ್ತಿಕೊಂಡು ಖುಷಿಯಲ್ಲಿ ಓದುತ್ತ ಹೋದೆ. ಕೊನೆಯ ಪುಟದಲ್ಲಿ ನಾನು ಬರೆಯದ ಸಾಲೊಂದು ನನ್ನ ಬಾಯಿಂದಲೇ ಬಂದುಬಿಟ್ಟಿತು: ತಪ್ಪಿನ ಅರಿವಾಗಿ ಅವಳು ಗಂಡನ ಮನೆಯ ಬಾಗಿಲು ತಟ್ಟಿದಳು.

ಓದು ನಿಲ್ಲಿಸಿ ತಿರುಗಿ ನೋಡಿದೆ. ಪಕ್ಕದ ಕುರ್ಚಿಯಿಂದ ಇವರು ಪೇಟ ಸರಿಮಾಡಿಕೊಳ್ಳುತ್ತ ಮೆಲ್ಲಗೆ ಹೇಳಿದರು.

"ಓದು ಮಾರಾಯ್ತಿ. ಅವಳ ಗಂಡನ ಕಡೆಯವರೂ ಬಂದಿದ್ದಾರೆ. ಮನೆ ಮರ್ಯಾದೆ ಬೇಡ್ವಾ?"

ಇಷ್ಟು ವರ್ಷ ನನ್ನ ಪ್ರತಿ ಕತೆಯನ್ನೂ ಮೊದಲು ಓದಿದ ಮನುಷ್ಯ! ಬೆನ್ನಿಗೆ ಚೂರಿ ಹಾಕಿ ಪಕ್ಕದಲ್ಲೇ ಸನ್ಮಾನಕ್ಕೂ ಕೂತಿದ್ದಾರೆ. ಈ ಕೊನೆ ನನ್ನದಲ್ಲ ಎಂದು ಮೈಕಿನಲ್ಲೇ ಹೇಳಿದೆ. ಅಷ್ಟರಲ್ಲಿ ಸೌಮ್ಯಾಳ ಕುರ್ಚಿ ಖಾಲಿಯಾಗಿತ್ತು.

ಶಾಲು ಹೊದ್ದುಕೊಂಡೇ ಓಡಿದೆ. ಮೆಟ್ಟಿಲಲ್ಲಿ ಸಿಕ್ಕಳು. ಅವಳ ಕೈ ಹಿಡಿದು, ಬದಲಿಸಿದ್ದು ನಾನಲ್ಲ, ನಿನ್ನ ಅಣ್ಣ, ನನಗೆ ಈಗಷ್ಟೇ ಗೊತ್ತಾಯಿತು ಎಂದು ಅತ್ತುಬಿಟ್ಟೆ. ಅವಳು ಕೈ ಬಿಡಿಸಿಕೊಂಡಳು.

"ಪುಸ್ತಕದ ಮೇಲಿರೋ ಹೆಸರು ನಿಮ್ಮದಲ್ವಾ ಅತ್ತಿಗೆ?"